ಯಾಕೋಬನನ್ನು ಕಲ್ಲೆಸೆದು ಕೊಂದರು, ತಿರುಗಿಬಿದ್ದವರು ಯಾರು?

[ಪರದೆ: ಯೆರೂಸಲೇಮ್, ಕ್ರಿ.ಶ. 62]

ನಮಸ್ಕಾರ. ಯೂದಾಯ ಪ್ರಾಂತ್ಯಕ್ಕೆ ಈಗ ಹೇಳೋರು ಕೇಳೋರು ಇಲ್ಲ. ರೋಮನ್ ಅಧಿಪತಿ ಫೆಸ್ಟಸ್ ತೀರಿಕೊಂಡಿದ್ದಾನೆ. ನೀರೋ ಚಕ್ರವರ್ತಿ ಕಳಿಸಿದ ಹೊಸ ಅಧಿಪತಿ ಅಲ್ಬಿನಸ್ ಇನ್ನೂ ದಾರಿಯಲ್ಲಿದ್ದಾನೆ. ಆಗಷ್ಟೇ ಮಹಾಯಾಜಕ, ಅಂದ್ರೆ ಯೆಹೂದ್ಯರ ದೇವಾಲಯದ ಮುಖ್ಯ ಪುರೋಹಿತ, ಪದವಿಗೇರಿದ ಅನ್ನಾಸ್‌ಗೆ ಇಷ್ಟು ಸಂದು ಸಾಕಾಯ್ತು. ನ್ಯಾಯಸಭೆ ಕರೆದ. ಯೇಸುವಿನ ಸಹೋದರ ಯಾಕೋಬನನ್ನೂ ಇನ್ನು ಕೆಲವರನ್ನೂ ತಂದು ನಿಲ್ಲಿಸಿದ. ಧರ್ಮಶಾಸ್ತ್ರ ಮೀರಿದ್ದಾರೆ ಅನ್ನೋದು ಆರೋಪ, ಕಲ್ಲೆಸೆದು ಕೊಲ್ಲೋದು ಶಿಕ್ಷೆ.

ಯಾಕೋಬ ಯೇಸುವಿನ ಒಡಹುಟ್ಟಿದವನೋ, ದಾಯಾದಿಯೋ ಅನ್ನೋ ವಾದ ಚರ್ಚುಗಳ ನಡುವೆ ಇವತ್ತಿಗೂ ಇದೆ. ಅದನ್ನ ಬಿಡಿ. ಯೆರೂಸಲೇಮಿನಲ್ಲಿ ಯೇಸುವನ್ನು ನಂಬಿದವರಿಗೆ ಅವನೇ ಹಿರಿಯ. ಅವರಿನ್ನೂ ದೇವಾಲಯಕ್ಕೆ ಹೋಗ್ತಿದ್ದ ಯೆಹೂದ್ಯರೇ. ಹಾಗಾಗಿ ಇದನ್ನ ಎರಡು ಧರ್ಮಗಳ ಜಗಳ ಅಂದ್ರೆ ತಪ್ಪಾಗುತ್ತೆ. ಆಗಿನ್ನೂ ಇದ್ದದ್ದು ಒಂದೇ ಧರ್ಮ, ಅದರೊಳಗೆ ಹಲವು ಪಂಗಡ.

ಅನ್ನಾಸ್ ಸದ್ದುಕಾಯ ಪಂಗಡದವನು. ದೇವಾಲಯದ ಆಡಳಿತ ಹಿಡಿದಿದ್ದ ಸಿರಿವಂತ ಪುರೋಹಿತ ಮನೆತನಗಳಲ್ಲಿ ಈ ಪಂಗಡದ ಬಲ ಜಾಸ್ತಿ. ಸತ್ತವರು ಎದ್ದು ಬರ್ತಾರೆ ಅನ್ನೋದನ್ನ ಇವರು ಒಪ್ಪೋರಲ್ಲ. ಯೇಸುವಿನ ಶಿಷ್ಯರು ಬೀದಿಯಲ್ಲಿ ಸಾರ್ತಿದ್ದದ್ದೇ ಅದು! ಅದಕ್ಕಿಂತ ದೊಡ್ಡ ಭಯ ರೋಮ್‌ದು. ಮಹಾಯಾಜಕನನ್ನು ನೇಮಿಸೋದು, ಕಿತ್ತುಹಾಕೋದು ರೋಮ್ ಅಥವಾ ಅದು ಕೂರಿಸಿದ ರಾಜ. 'ದೇವರು ಕಳಿಸಿದ ರಾಜ ಮೆಸ್ಸೀಯ ಬಂದ' ಅಂತ ಜನ ಗುಂಪುಗೂಡಿದ್ರೆ ಸೈನ್ಯ ಬರುತ್ತೆ, ಪದವಿ ಹೋಗುತ್ತೆ. ಈ ಪದವಿ ಉಳಿಸಿಕೊಳ್ಳೋ ವಿದ್ಯೆ ಅನ್ನಾಸ್ ಮನೆಗೆ ಚೆನ್ನಾಗಿ ಗೊತ್ತಿತ್ತು. ಅವನ ಅಪ್ಪನೂ ಮಹಾಯಾಜಕ, ಆ ಅಪ್ಪನ ಐದು ಜನ ಗಂಡುಮಕ್ಕಳಿಗೂ ಆ ಪದವಿ ಸಿಕ್ಕಿತ್ತು. ಯೇಸುವಿನ ವಿಚಾರಣೆ ನಡೆಸಿದ ಕಾಯಫ ಇದೇ ಮನೆಯ ಅಳಿಯ.

[ಪರದೆ: ಅಲೆಕ್ಸಾಂಡ್ರಿಯಾದಿಂದ ಯೂದಾಯಕ್ಕೆ ದಾರಿ]

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಘಟನೆ ಬರೆದಿಟ್ಟವನು ಇತಿಹಾಸಕಾರ ಜೋಸೆಫಸ್. ಅವನು ಕ್ರೈಸ್ತ ಅಲ್ಲ, ಯೆರೂಸಲೇಮಿನ ಪುರೋಹಿತ ಮನೆತನದವನು. ಕೊಲೆ ನಡೆದಾಗ ಅವನಿಗೆ 25ರ ಆಸುಪಾಸು. ಊರಲ್ಲಿ ನ್ಯಾಯವಂತರು, ಶಾಸ್ತ್ರದಲ್ಲಿ ಕಟ್ಟುನಿಟ್ಟಿನವರು ಅನ್ನಿಸಿಕೊಂಡಿದ್ದವರಿಗೆ ಈ ಶಿಕ್ಷೆ ಸಹಿಸಲಾಗಲಿಲ್ಲ ಅಂತಾನೆ ಅವನು. ಅವರು ಗುಟ್ಟಾಗಿ ರೋಮ್ ಕೂರಿಸಿದ್ದ ರಾಜ ಅಗ್ರಿಪ್ಪನಿಗೆ ದೂರು ಕಳಿಸಿದರು. ಕೆಲವರಂತೂ ಅಲೆಕ್ಸಾಂಡ್ರಿಯಾದಿಂದ ಬರ್ತಿದ್ದ ಅಲ್ಬಿನಸ್‌ನನ್ನು ದಾರಿಯಲ್ಲೇ ಕಂಡು, 'ನಿಮ್ಮ ಒಪ್ಪಿಗೆಯಿಲ್ಲದೆ ಸಭೆ ಕರೆಯೋ ಹಕ್ಕು ಇವನಿಗಿಲ್ಲ' ಅಂದರು. ಅಲ್ಬಿನಸ್ ಕೆಂಡವಾದ. ಅಗ್ರಿಪ್ಪ ಅನ್ನಾಸ್‌ನನ್ನು ಕೆಳಗಿಳಿಸಿದ. ಅವನ ಅಧಿಕಾರ ಮೂರೇ ತಿಂಗಳಿಗೆ ಮುಗೀತು.

ದೂರು ಕೊಟ್ಟ ಈ ಶಾಸ್ತ್ರನಿಷ್ಠರು ಯಾರು? ಜೋಸೆಫಸ್ ಪಂಗಡದ ಹೆಸರು ಹೇಳಲ್ಲ. ಅವರು ಪರಿಸಾಯರು ಅನ್ನೋ ಇನ್ನೊಂದು ಯೆಹೂದ್ಯ ಪಂಗಡದವರೇ ಇರಬೇಕು ಅನ್ನೋದು ಅನೇಕ ವಿದ್ವಾಂಸರ ಊಹೆ, ನನಗೂ ಅದೇ ಸರಿ ಅನ್ಸುತ್ತೆ. ಯಾಕಂದ್ರೆ ಬೈಬಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕದಲ್ಲೂ ಇದೇ ಚಿತ್ರ ಇದೆ. ಶಿಷ್ಯರನ್ನು ಸೆರೆಗೆ ಹಾಕಿಸಿದ್ದು ಸದ್ದುಕಾಯರು. 'ಇವರನ್ನ ಬಿಟ್ಟುಬಿಡಿ, ಇದು ದೇವರ ಕೆಲಸವಾದ್ರೆ ನಿಮ್ಮಿಂದ ತಡೆಯೋಕಾಗಲ್ಲ' ಅನ್ನೋ ಅರ್ಥದಲ್ಲಿ ಸಭೆಯಲ್ಲಿ ಎದ್ದು ಮಾತಾಡಿದ್ದು ಗಮಲಿಯೇಲ, ಪರಿಸಾಯ. ಎಲ್ಲ ಪರಿಸಾಯರೂ ಹೀಗಿರಲಿಲ್ಲ, ನಿಜ. ಯೇಸುವಿನ ಅನುಯಾಯಿ ಸ್ತೆಫನನ ಕೊಲೆಗೆ ಒಪ್ಪಿ ನಿಂತಿದ್ದ ಸೌಲನೂ ಪರಿಸಾಯನೇ. ಮುಂದೆ ಪೌಲನಾಗಿ ಊರೂರು ಸುತ್ತಿ ಯೇಸುವನ್ನು ಸಾರಿದವನೂ ಅವನೇ.

ಹಾಗಾದ್ರೆ ಯೇಸುವಿನ ಕಥೆ ಹೇಳೋ ಬೈಬಲಿನ ಸುವಾರ್ತೆಗಳಲ್ಲಿ ಪರಿಸಾಯರೇ ಯಾಕೆ ಖಳರಾಗಿ ಕಾಣ್ತಾರೆ? ಕ್ರಿ.ಶ. 70ರಲ್ಲಿ ರೋಮ್ ದೇವಾಲಯವನ್ನು ಸುಟ್ಟುಹಾಕಿತು. ದೇವಾಲಯ ಹೋದ ಮೇಲೆ ಸದ್ದುಕಾಯರ ನೆಲೆಯೂ ಹೋಯ್ತು. ಉಳಿದ ಪಂಗಡಗಳಲ್ಲಿ ಬಲವಾಗಿ ಬೆಳೆದವು ಎರಡು: ಪರಿಸಾಯರ ದಾರಿ ಹಿಡಿದ ರಬ್ಬಿಗಳು, ಅಂದ್ರೆ ಯೆಹೂದ್ಯ ಧರ್ಮಗುರುಗಳು, ಮತ್ತು ಯೇಸುವಿನ ಅನುಯಾಯಿಗಳು. ಶಾಸ್ತ್ರದ ಅರ್ಥ ಹೇಳೋ ಹಕ್ಕು ಯಾರದ್ದು ಅನ್ನೋ ಪೈಪೋಟಿ ಈಗ ಈ ಇಬ್ಬರ ನಡುವೆ. ಮತ್ತಾಯನ ಸುವಾರ್ತೆ ಇದಾದ ಮೇಲೆ ಬರೆದದ್ದು ಅಂತ ಬಹುಪಾಲು ವಿದ್ವಾಂಸರು ಹೇಳ್ತಾರೆ. ಅದರ 23ನೇ ಅಧ್ಯಾಯವನ್ನ ಒಮ್ಮೆ ಓದಿ. ಶಾಪದ ಮೇಲೆ ಶಾಪ, ಅದೆಲ್ಲ ಶಾಸ್ತ್ರಿಗಳಿಗೂ ಪರಿಸಾಯರಿಗೂ. ಸದ್ದುಕಾಯರ ಹೆಸರೇ ಅಲ್ಲಿಲ್ಲ.