ಎರಡನೇ ಪ್ರಾಶಸ್ತ್ಯ ಬರೆಯೋಕೆ ಬಿಡಿ

ಕೇಳುಗರಿಗೆಲ್ಲ ನಮಸ್ಕಾರ. ವಿಧಾನ ಪರಿಷತ್ತಿನ ಪದವೀಧರರ ಕ್ಷೇತ್ರಕ್ಕೋ ಶಿಕ್ಷಕರ ಕ್ಷೇತ್ರಕ್ಕೋ ಓಟು ಹಾಕಿದೋರಿಗೆ ಬೂತಲ್ಲಿ ಕೊಡೋ ಆ ನೇರಳೆ ಬಣ್ಣದ ಸ್ಕೆಚ್ ಪೆನ್ ನೆನಪಿರತ್ತೆ. ಅಲ್ಲಿ ಬಟನ್ ಒತ್ತೋದಿಲ್ಲ, ಬ್ಯಾಲೆಟ್ ಪೇಪರ್ ಕೈಗೆ ಕೊಡ್ತಾರೆ, ನಮಗೆ ಬೇಕಾದೋರ ಹೆಸರಿನ ಮುಂದೆ 1 ಅಂತ ಬರೀಬೇಕು, ಅವರಾಗದಿದ್ರೆ ಇವರಾದ್ರೂ ಇರಲಿ ಅನ್ನೋರ ಮುಂದೆ 2, ಹಾಗೇ 3, 4, ಇಷ್ಟ ಇದ್ದಷ್ಟು. ಇದನ್ನೇ ಅಮೆರಿಕದಲ್ಲಿ ರ‍್ಯಾಂಕ್ಡ್ ಚಾಯ್ಸ್ ವೋಟಿಂಗ್ ಅಂತಾರೆ, ಮತ್ತೆ ಇದನ್ನೇ ಅಲ್ಲಿ ರಾಷ್ಟ್ರಮಟ್ಟದ ಚುನಾವಣೆಗಳಲ್ಲಿ ಬ್ಯಾನ್ ಮಾಡ್ಬೇಕು ಅಂತ ಅವರ ಕಾಂಗ್ರೆಸ್ಸಲ್ಲಿ, ಅಂದ್ರೆ ಅಲ್ಲಿನ ಸಂಸತ್ತಲ್ಲಿ, ಬಿಲ್ ತಂದಿದ್ದಾರೆ. ಫ್ಲೋರಿಡಾ, ಟೆನೆಸ್ಸಿ 2022ರಲ್ಲೇ ತಮ್ಮ ರಾಜ್ಯದಲ್ಲಿ ನಿಷೇಧ ಮಾಡಿದ್ವು, ಆಮೇಲೆ ಸಾಲುಸಾಲಾಗಿ ಇನ್ನೂ ಎಷ್ಟೋ ರಾಜ್ಯಗಳು. ನನಗಿದು ಸರಿ ಅನ್ನಿಸಲ್ಲ, ಯಾಕೆ ಅಂತ ಹೇಳ್ತೀನಿ.

ನಮ್ಮ ಅಕ್ಕನ ಮಗ ಅಲ್ಲಿ ಮೇನ್ ರಾಜ್ಯದಲ್ಲಿದ್ದಾನೆ, ಅಲ್ಲಿನ ಸಿಟಿಜನ್ ಆಗಿ ತುಂಬಾ ವರ್ಷ ಆಯ್ತು. ಆ ರಾಜ್ಯದಲ್ಲಿ 2010ರಲ್ಲಿ ಪಾಲ್ ಲೆಪೇಜ್ ಅನ್ನೋರು ಗವರ್ನರ್ ಆಗಿ ಗೆದ್ದಿದ್ದು ಬರೀ 38 ಪರ್ಸೆಂಟ್ ಓಟಲ್ಲಿ, ಯಾಕಂದ್ರೆ ಅವರ ಎದುರಿನ ಓಟೆಲ್ಲ ಇಬ್ಬರ ಮಧ್ಯೆ ಒಡೆದುಹೋಗಿತ್ತು. ನಮ್ಮೂರಲ್ಲೂ ಓಟು ಒಡೆಯೋಕೆ ಅಂತಲೇ ಯಾರನ್ನೋ ನಿಲ್ಲಿಸೋದು ನೋಡಿಲ್ವಾ, ಅದೇ ಕಥೆ. ಜನ ಬೇಸತ್ತು 2016ರಲ್ಲಿ ಜನಮತಗಣನೆ ಮೂಲಕ ಈ ಪದ್ಧತಿ ತಂದ್ರು. 2018ರಲ್ಲಿ ಅಲ್ಲಿನ ಎರಡನೇ ಕಾಂಗ್ರೆಸ್ ಕ್ಷೇತ್ರದಲ್ಲಿ ಮೊದಲ ಸುತ್ತಲ್ಲಿ ರಿಪಬ್ಲಿಕನ್ ಬ್ರೂಸ್ ಪೊಲಿಕ್ವಿನ್ ಸುಮಾರು 2,000 ಓಟು ಮುಂದಿದ್ರು, ಆದ್ರೆ ಅರ್ಧಕ್ಕಿಂತ ಹೆಚ್ಚು ಯಾರಿಗೂ ಬರಲಿಲ್ಲ. ಇಬ್ಬರು ಪಕ್ಷೇತರರನ್ನ ಕೈಬಿಟ್ಟು ಅವರ ಓಟುಗಳ ಮುಂದಿನ ಆಯ್ಕೆ ಎಣಿಸಿದಾಗ ಡೆಮಾಕ್ರಟ್ ಜೇರೆಡ್ ಗೋಲ್ಡನ್ ಸುಮಾರು 3,500 ಓಟಿಂದ ಗೆದ್ರು. ಪೊಲಿಕ್ವಿನ್ ಕೋರ್ಟಿಗೆ ಹೋದ್ರು, ಫೆಡರಲ್ ಜಡ್ಜ್ ಒಪ್ಪಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ.

ವಿರೋಧ ಮಾಡೋರ ಒಂದು ಮಾತು, ಕೆಲವರಿಗೆ ಎರಡೆರಡು ಓಟು ಸಿಕ್ಕಂಗಾಗತ್ತೆ ಅಂತ. ಹಾಗಲ್ಲ. ಪ್ರತಿ ಸುತ್ತಲ್ಲೂ ಪ್ರತಿ ಓಟೂ ಒಬ್ಬರ ಲೆಕ್ಕಕ್ಕೇ ಹೋಗತ್ತೆ, ನಿಮ್ಮ ಮೊದಲ ಅಭ್ಯರ್ಥಿ ಕಣದಲ್ಲಿದ್ರೆ ಅವರಿಗೇ, ಇಲ್ದಿದ್ರೆ ಎರಡನೆಯವರಿಗೆ. ಇನ್ನೊಂದು ಮಾತು, ಇದು ಜನಸಾಮಾನ್ಯರಿಗೆ ಅರ್ಥ ಆಗಲ್ಲ ಅಂತ. ಇದನ್ನ ನಾನು ಹಗುರವಾಗಿ ತಳ್ಳಿಹಾಕಲ್ಲ, ಯಾಕಂದ್ರೆ ಪದವೀಧರರ ಕ್ಷೇತ್ರದ ಎಣಿಕೆ ಡ್ಯೂಟೀಲಿ ರಾತ್ರಿಯೆಲ್ಲ ಕೂತಿದ್ದಾಗ ನಾನೇ ಕಣ್ಣಾರೆ ನೋಡಿದೀನಿ, ಡಿಗ್ರಿ ಓದಿದೋರೇ 1 ಅಂತ ಬರೆಯೋ ಜಾಗದಲ್ಲಿ ಟಿಕ್ ಹಾಕಿರ್ತಾರೆ, ಸಹಿ ಮಾಡಿರ್ತಾರೆ, ಅಕ್ಷರದಲ್ಲಿ "ಒಂದು" ಅಂತ ಬರೆದಿರ್ತಾರೆ, ಅಷ್ಟೂ ತಿರಸ್ಕೃತ. ಒಂದೊಂದು ಪೇಪರ್ ಪಕ್ಕಕ್ಕಿಡುವಾಗ್ಲೂ ಹೊಟ್ಟೆ ಉರಿಯೋದು. ಆದ್ರೆ ಅದಕ್ಕೆ ಪರಿಹಾರ ಕಲಿಸೋದು, ನಮೂನೆ ಸರಳ ಮಾಡೋದು. ಆಸ್ಟ್ರೇಲಿಯಾದಲ್ಲಿ 1918ರಿಂದ ಕೆಳಮನೆಗೆ ಜನ ಹೀಗೇ ಓಟು ಹಾಕ್ತಿದ್ದಾರೆ.

ಇದು ಒಂದು ಪಕ್ಷಕ್ಕೆ ಅನುಕೂಲ ಮಾಡೋ ಆಟ ಅನ್ನೋ ಆರೋಪಕ್ಕೆ ಅಲಾಸ್ಕ ನೋಡಬೇಕು. 2022ರ ಆಗಸ್ಟಿನ ಉಪಚುನಾವಣೆಯಲ್ಲಿ ಡೆಮಾಕ್ರಟ್ ಮೇರಿ ಪೆಲ್ಟೋಲಾ, ಎದುರಿಗೆ ಇಬ್ಬರು ರಿಪಬ್ಲಿಕನ್ನರು, ಸೇರಾ ಪೇಲಿನ್ ಮತ್ತೆ ನಿಕ್ ಬೆಗಿಚ್. ಮೂರನೇ ಸ್ಥಾನಕ್ಕೆ ಬಂದ ಬೆಗಿಚ್ ಹೊರಬಿದ್ರು, ಅವರ ಬೆಂಬಲಿಗರಲ್ಲಿ ಐದರಲ್ಲೊಂದು ಪಾಲಿನವರು ಎರಡನೇ ಹೆಸರು ಬರೆದೇ ಇರಲಿಲ್ಲ, ಪೆಲ್ಟೋಲಾ ಗೆದ್ರು. ಇಲ್ಲಿ ಒಂದು ನಿಜವಾದ ಕೊರತೆ ಇದೆ, ಒಪ್ಕೋಬೇಕು: ಬೆಗಿಚ್‌ನ ಇಬ್ಬರಲ್ಲಿ ಯಾರ ಎದುರಿಗಾದ್ರೂ ನೇರವಾಗಿ ನಿಲ್ಲಿಸಿದ್ರೆ ಅವರೇ ಗೆಲ್ತಿದ್ರು ಅಂತ ಅದೇ ಓಟುಗಳ ಲೆಕ್ಕ ಹೇಳತ್ತೆ. ಆದ್ರೆ 2024ರಲ್ಲಿ ಇದೇ ಪದ್ಧತಿಯಲ್ಲೇ ಅದೇ ಬೆಗಿಚ್ ಪೆಲ್ಟೋಲಾನ ಸೋಲಿಸಿದ್ರು. ಅವತ್ತೇ ಈ ಪದ್ಧತಿ ರದ್ದು ಮಾಡ್ಬೇಕಾ ಅಂತ ಜನರನ್ನ ಕೇಳಿದ್ರು, 750ಕ್ಕಿಂತ ಕಮ್ಮಿ ಓಟಿನ ಅಂತರದಲ್ಲಿ ಬೇಡ ಅಂತ ತೀರ್ಮಾನ ಆಯ್ತು. ಮಿಸೌರಿಯಲ್ಲಿ ಅದೇ ವರ್ಷ ಜನ ನಿಷೇಧಕ್ಕೆ ಹೂಂ ಅಂದ್ರು, ಅದು ಅವರ ತೀರ್ಮಾನ. ನನ್ನ ತಕರಾರು ಇರೋದೇ ಇಲ್ಲಿ, ಒಂದೊಂದು ರಾಜ್ಯದ ಜನ ತಾವೇ ಕೂತು ಯೋಚಿಸಿ ಮಾಡ್ತಿರೋದನ್ನ ವಾಷಿಂಗ್ಟನ್ನಿಂದ ಒಂದೇ ಏಟಿಗೆ ಯಾಕೆ ಕಿತ್ಕೊಳ್ಳಬೇಕು? ಅವರ ಸಂವಿಧಾನ ಕಾಂಗ್ರೆಸ್ಸಿಗೆ ಆ ಅಧಿಕಾರ ಕೊಟ್ಟಿರಬಹುದು, ಆದ್ರೂ.

ನಮಗೂ ಇದರ ಬಿಸಿ ಗೊತ್ತು. 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗ್ಲಾಸ್‌ಹೌಸಲ್ಲಿ ನಮ್ಮ ಕಾಂಗ್ರೆಸ್ ಪಕ್ಷದ ಸಭೆ ಸೇರಿದಾಗ ರಾಷ್ಟ್ರಪತಿ ಅಭ್ಯರ್ಥಿ ಯಾರು ಅಂತಲೇ ಪಕ್ಷ ಬಿರುಕು ಬಿಟ್ಟಿತ್ತು. ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು, ಪಕ್ಷದ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ, ಇಂದಿರಾ ಗಾಂಧಿಯವರ ಒಲವು ವಿ.ವಿ. ಗಿರಿಯವರ ಕಡೆ. ನಿಜಲಿಂಗಪ್ಪನವರು ಜನಸಂಘ, ಸ್ವತಂತ್ರ ಪಕ್ಷದವರನ್ನ ನಿಮ್ಮ ಎರಡನೇ ಪ್ರಾಶಸ್ತ್ಯ ರೆಡ್ಡಿಯವರಿಗೆ ಕೊಡಿ ಅಂತ ಕೇಳಿದ್ದೇ ದೊಡ್ಡ ರಾದ್ಧಾಂತ ಆಯ್ತು. ಮೊದಲ ಎಣಿಕೆಯಲ್ಲಿ ಗಿರಿ 4,01,515, ರೆಡ್ಡಿ 3,13,548, ಯಾರಿಗೂ ಅರ್ಧ ದಾಟಲಿಲ್ಲ. ಎರಡನೇ ಪ್ರಾಶಸ್ತ್ಯ ಸೇರಿಸಿದ ಮೇಲೆ ಗಿರಿ 4,20,077, ರೆಡ್ಡಿ 4,05,427. ಆ ಎರಡನೇ ಅಂಕಿಗಳಲ್ಲೇ ಈ ದೇಶದ ರಾಷ್ಟ್ರಪತಿ ಯಾರು ಅಂತ ತೀರ್ಮಾನ ಆಯ್ತು.

ಮೊನ್ನೆ ಅಕ್ಕನ ಮಗನ ಜೊತೆ ಫೋನಲ್ಲಿ ಮಾತಾಡ್ತಿದ್ದೆ. ಅವರಲ್ಲಿ ಅಂಕಿ ಬರೆಯೋದಿಲ್ವಂತೆ, ಸಾಲಿಗೊಂದು ಗೋಲ ತುಂಬೋದಂತೆ. ಪ್ರತಿಸಲ ತನಗಿಷ್ಟ ಆದ ಪಕ್ಷೇತರರಿಗೇ ಮೊದಲ ಗೋಲ ತುಂಬ್ತೀನಿ, ಗೆಲ್ಲಲ್ಲ ಅಂತ ಗೊತ್ತಿದ್ರೂ ತುಂಬ್ತೀನಿ ಅಂದ. ಆ ಬಿಲ್ ಪಾಸಾಗಿಬಿಟ್ರೆ ಏನ್ಮಾಡ್ತೀಯೋ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಆಮೇಲೆ ಅವರಿಗೆ ಹಾಕೋ ಧೈರ್ಯ ಬರಲ್ಲ ಮಾಮ" ಅಂದ.