ಹೊಸ ಸೆರಾಮಿಕ್ ಗ್ರಿಲ್ ಮನೆಗೆ ಬಂತಾ? ಮೊದಲು ಇಷ್ಟು ತಗೊಳ್ಳಿ

[ಶಾಟ್: ತೋಟದ ಮನೆಯ ಅಂಗಳ. ಸ್ಟ್ಯಾಂಡ್ ಮೇಲೆ ಗ್ರಿಲ್, ಮುಚ್ಚಳ ಹಾಕಿದೆ]

ಎಲ್ಲರಿಗೂ ನಮಸ್ಕಾರ. ಇವತ್ತು ಚಿಕ್ಕಮಗಳೂರಿನಿಂದ ಮಾತಾಡುತ್ತಿದ್ದೇನೆ. ಮೊಟ್ಟೆ ಆಕಾರದ ಈ ಸೆರಾಮಿಕ್ ಇದ್ದಿಲು ಗ್ರಿಲ್ ತಗೊಂಡವರು ಕೇಳುವ ಮೊದಲ ಪ್ರಶ್ನೆ, ಇದರ ಜೊತೆಗೆ ಇನ್ನೇನು ಬೇಕು ಅಂತ. ಆನ್‌ಲೈನ್‌ನಲ್ಲಿ ಹುಡುಕಿದರೆ ಸಾಮಾನಿನ ಪಟ್ಟಿ ಮುಗಿಯುವುದೇ ಇಲ್ಲ. ಗ್ರಿಲ್ಲಿಗೇ ಅಷ್ಟೊಂದು ಹಣ ಹಾಕಿದ್ದೀರಿ, ಮತ್ತೆ ಸುಮ್ನೆ ಸುರಿಯಬೇಡಿ. ನನ್ನ ಅಭಿಪ್ರಾಯ ಇಷ್ಟೇ. ಬಿಸಿ ಎಷ್ಟಿದೆ ಅಂತ ಹೇಳುವ ಸಾಮಾನು, ಬಿಸಿಯನ್ನು ಹಿಡಿತದಲ್ಲಿಡುವ ಸಾಮಾನು, ಕೈ ಸುಡದಂತೆ ಕಾಯುವ ಸಾಮಾನು, ಇವು ಮೊದಲು. ಉಳಿದದ್ದನ್ನು ಒಂದು ಮಳೆಗಾಲ ಕಳೆದ ಮೇಲೆ ಯೋಚಿಸಿ.

ಈ ಗ್ರಿಲ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಏನು ಬೇಕು ಅನ್ನುವುದೂ ಗೊತ್ತಾಗುತ್ತದೆ. ಇದರ ಮೂಲ ಜಪಾನಿನ ಕಮಾಡೋ ಒಲೆ. 1974ರಲ್ಲಿ ಎಡ್ ಫಿಶರ್ ಅನ್ನುವವರು ಅಮೆರಿಕದ ಅಟ್ಲಾಂಟಾದಲ್ಲಿ ಬಿಗ್ ಗ್ರೀನ್ ಎಗ್ ಅನ್ನುವ ಗ್ರಿಲ್ ಕಂಪನಿ ಶುರು ಮಾಡಿದರು. ಆಗ ಮಣ್ಣಿನ ಗ್ರಿಲ್ ಮಾರುತ್ತಿದ್ದರು, ಸೆರಾಮಿಕ್ ಆಮೇಲೆ ಬಂತು. ಗೋಡೆ ದಪ್ಪ, ಹಾಗಾಗಿ ಒಮ್ಮೆ ಕಾದರೆ ಬಿಸಿ ಗಂಟೆಗಟ್ಟಲೆ ನಿಲ್ಲುತ್ತದೆ. ಕೆಳಗೊಂದು ಕಿಂಡಿ, ಮೇಲೊಂದು ಕಿಂಡಿ. ಒಳಗೆ ಹೋಗುವ ಗಾಳಿ ಎಷ್ಟೋ, ಬೆಂಕಿ ಅಷ್ಟು. ಆದರೆ ಒಂದು ತೊಡಕಿದೆ. ಬಿಸಿ ಏರಿಸುವುದು ಸುಲಭ, ಇಳಿಸುವುದು ಬಹಳ ಕಷ್ಟ. 110 ಡಿಗ್ರಿ ಬೇಕು ಅಂದರೆ 90 ದಾಟುವಾಗಲೇ ಕಿಂಡಿ ಸಣ್ಣ ಮಾಡುತ್ತಾ ಬರಬೇಕು, ಒಂದೊಂದು ಸಲ ತಿರುಗಿಸಿದ ಮೇಲೂ ಹತ್ತು ಹದಿನೈದು ನಿಮಿಷ ಕಾಯಬೇಕು.

[ಶಾಟ್: ಕೈಯಲ್ಲಿ ಥರ್ಮಾಮೀಟರ್]

ಅದಕ್ಕೇ ಮೊದಲ ಖರ್ಚು ಥರ್ಮಾಮೀಟರ್. ಮುಚ್ಚಳದಲ್ಲೇ ಒಂದಿದೆಯಲ್ಲ ಅಂತೀರಿ. ಅದು ಹೇಳುವುದು ಮೇಲಿನ ಗಾಳಿಯ ಬಿಸಿ. ಮಾಂಸ ಇರುವುದು ಕೆಳಗೆ ಜಾಲರಿ ಮೇಲೆ, ಅಲ್ಲಿ ಲೆಕ್ಕ ಬೇರೆ ಇರಬಹುದು. ಮಾಂಸದ ಒಳಗೆ ಏನಾಗಿದೆ ಅಂತ ಅದಕ್ಕೆ ಗೊತ್ತೇ ಇರುವುದಿಲ್ಲ. ಚುಚ್ಚಿದ ಕೂಡಲೇ ಅಂಕಿ ತೋರಿಸುವ ಡಿಜಿಟಲ್ ಥರ್ಮಾಮೀಟರ್ ಒಂದು ಬೇಕೇ ಬೇಕು. ಕೋಳಿ ಒಳಗಡೆ, ಮೂಳೆಗೆ ತಾಗದ ಜಾಗದಲ್ಲಿ 74 ಡಿಗ್ರಿ ಮುಟ್ಟಬೇಕು. ಹಂದಿ ಮಾಂಸದ ಇಡೀ ತುಂಡಿಗೆ 63 ಡಿಗ್ರಿ ಆಗಿ ಮೂರು ನಿಮಿಷ ಬಿಟ್ಟರೆ ಸಾಕು ಅಂತ ಅಮೆರಿಕದ ಸರ್ಕಾರಿ ಸೂಚನೆ ಇದೆ. ನಾನು ಮಾತ್ರ ಇಲ್ಲಿ ಸಿಗುವ ಹಂದಿ ಮಾಂಸವನ್ನು 71 ದಾಟಿಸಿಯೇ ಇಳಿಸುತ್ತೇನೆ. ಈ ವಿಷಯದಲ್ಲಿ ರಿಸ್ಕ್ ಬೇಡ.

ಥರ್ಮಾಮೀಟರ್ ಸರಿ ಇದೆಯಾ ಅಂತ ನೋಡುವುದು ಹೇಗೆ? ಎಲ್ಲಾ ವಿಡಿಯೋಗಳಲ್ಲೂ ಕುದಿಯುವ ನೀರಿಗೆ ಅದ್ದಿ, 100 ತೋರಿಸಬೇಕು ಅಂತಾರೆ. ನಮ್ಮೂರಲ್ಲಿ ಅದು ತಪ್ಪು. 100 ಡಿಗ್ರಿಯ ಲೆಕ್ಕ ಸಮುದ್ರ ಮಟ್ಟದ್ದು. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಮೊದಲೇ ನೀರು ಕುದಿಯುತ್ತದೆ. ಹಾಸನ, ಚಿಕ್ಕಮಗಳೂರು ಎರಡೂ ಹತ್ತಿರ ಹತ್ತಿರ 1,000 ಮೀಟರ್ ಎತ್ತರದಲ್ಲಿವೆ. ಇಲ್ಲಿ 96ರಿಂದ 97 ತೋರಿಸಿದರೆ ನಿಮ್ಮ ಥರ್ಮಾಮೀಟರ್ ಸರಿಯಾಗಿಯೇ ಇದೆ. 1,900 ಮೀಟರ್ ದಾಟಿರುವ ಮುಳ್ಳಯ್ಯನಗಿರಿಯ ತುದಿಗೆ ಹೋದರೆ 94ರ ಆಸುಪಾಸು ಅಷ್ಟೇ. ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ, ಮುಚ್ಚಳದ ಮುಳ್ಳನ್ನು 100ಕ್ಕೆ ತಿರುಗಿಸಲೂ ಬೇಡಿ. ಇನ್ನೂ ಖಚಿತ ಬೇಕಾದರೆ ಲೋಟದ ತುಂಬಾ ಐಸ್ ಪುಡಿ ಹಾಕಿ, ಸ್ವಲ್ಪ ನೀರು ಬೆರೆಸಿ ಅದ್ದಿ. ಅಲ್ಲಿ ಸೊನ್ನೆ ಬರಬೇಕು, ಯಾವ ಊರಾದರೂ.

ನಿಧಾನವಾಗಿ ಬೇಯಿಸುವ ಆಸೆ ಇದ್ದರೆ ವೈರ್ ಇರುವ ಎರಡು ಕಡ್ಡಿಯ ಥರ್ಮಾಮೀಟರ್ ತಗೊಳ್ಳಿ. ಒಂದು ಕಡ್ಡಿ ಜಾಲರಿ ಹತ್ತಿರ, ಇನ್ನೊಂದು ಮಾಂಸದೊಳಗೆ. ಹಂದಿಯ ಭುಜದ ದೊಡ್ಡ ತುಂಡು ಇಟ್ಟಾಗ ಒಳಗಿನ ಬಿಸಿ 65, 70ರ ಹತ್ತಿರ ಬಂದು ಗಂಟೆಗಟ್ಟಲೆ ಅಲ್ಲೇ ನಿಂತುಬಿಡುತ್ತದೆ. ಹೊಸಬರು ಗಾಬರಿಯಾಗಿ ಕಿಂಡಿ ಪೂರ್ತಿ ತೆಗೆದುಬಿಡುತ್ತಾರೆ. ಅಲ್ಲಿ ಏನೂ ಕೆಟ್ಟಿರುವುದಿಲ್ಲ, ಮಾಂಸದ ಮೇಲ್ಮೈಯ ನೀರು ಆರುತ್ತಾ ಬಿಸಿಯನ್ನು ತಿನ್ನುತ್ತಿರುತ್ತದೆ. ಬಿಟ್ಟುಬಿಡಿ, ತಾನಾಗಿ ಏರುತ್ತದೆ. 93ರ ಹತ್ತಿರ ಹೋದರೆ ಎಳೆ ಎಳೆಯಾಗಿ ಬಿಡುತ್ತದೆ.

[ಶಾಟ್: ಸೆರಾಮಿಕ್ ತಟ್ಟೆಯನ್ನು ಒಳಗೆ ಇಡುವುದು]

ಎರಡನೆಯದು ಹೀಟ್ ಡಿಫ್ಲೆಕ್ಟರ್. ಕೆಂಡಕ್ಕೂ ಜಾಲರಿಗೂ ನಡುವೆ ಕೂರುವ ಸೆರಾಮಿಕ್ ತಟ್ಟೆ. ಇದಿಲ್ಲದಿದ್ದರೆ ನೀವು ತಂದಿರುವುದು ಬರೀ ದುಬಾರಿ ಕೆಂಡದ ಒಲೆ. ಇದಿದ್ದರೆ ಓವನ್ನು ಆಗುತ್ತದೆ, ಇಡೀ ಕೋಳಿ ಸುಡದೆ ಬೇಯುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಜೊತೆಗೇ ಬರುತ್ತದೆ, ಕೆಲವದರಲ್ಲಿ ಬೇರೆ ಕೊಳ್ಳಬೇಕು, ಹಣ ಕೊಡುವ ಮುಂಚೆ ಕೇಳಿ. ಜಿಡ್ಡು ಹಿಡಿಯಲು ಮೇಲೊಂದು ಟ್ರೇ ಇಡಿ. ಟ್ರೇಯನ್ನು ತಟ್ಟೆಗೆ ತಾಗಿಸಬೇಡಿ. ಫಾಯಿಲ್ ಉಂಡೆ ಮಾಡಿ ಕೆಳಗಿಟ್ಟು ಸ್ವಲ್ಪ ಎತ್ತರಿಸಿ, ಇಲ್ಲದಿದ್ದರೆ ಜಿಡ್ಡು ಕರಕಲಾಗಿ ಹೊಗೆ ಕಹಿಯಾಗುತ್ತದೆ.

ಇನ್ನು ಇದ್ದಿಲು. ಇದನ್ನು ಯಾರೂ ಆಕ್ಸೆಸರಿ ಅನ್ನುವುದಿಲ್ಲ, ಆದರೆ ರುಚಿ ಇರುವುದು ಇಲ್ಲೇ. ಗಟ್ಟಿ ಮರದ ದೊಡ್ಡ ತುಂಡಿನ ಇದ್ದಿಲು ಬೇಕು. ಮೂಟೆಯಲ್ಲಿ ಬರುವ ಇದ್ದಿಲಿನಲ್ಲಿ ಪುಡಿ ಜಾಸ್ತಿ ಇರುತ್ತದೆ. ಪುಡಿ ಗಾಳಿಯ ದಾರಿ ಮುಚ್ಚುತ್ತದೆ, ಬಿಸಿ ಏರುವುದೇ ಇಲ್ಲ. ಮರಳು ಜರಡಿ ಮನೆಯಲ್ಲಿದ್ದರೆ ಒಮ್ಮೆ ಜರಡಿ ಹಿಡಿಯಿರಿ, ದೊಡ್ಡ ತುಂಡು ಕೆಳಗೆ, ಸಣ್ಣದು ಮೇಲೆ ಹಾಕಿ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯವರಿಗೆ ತೆಂಗಿನ ಚಿಪ್ಪಿನ ಇದ್ದಿಲಿನ ಆಸೆ ಬರುತ್ತದೆ. ಅದು ಚೆನ್ನಾಗಿ ಕಾಯುತ್ತದೆ, ಆದರೆ ಚೂರು ಸಣ್ಣದು, ಕೆಳಗಿನ ತೂತುಗಳಿಗೆ ಬಿದ್ದು ಕಟ್ಟಿಕೊಳ್ಳುತ್ತದೆ. ಅದನ್ನೇ ತುಂಬಬೇಡಿ, ಮರದ ಇದ್ದಿಲಿನ ಮೇಲೆ ಸ್ವಲ್ಪ ಹಾಕಿ. ಶೇಖರಿಸಲು ಮುಚ್ಚಳ ಗಟ್ಟಿ ಇರುವ ಡ್ರಮ್ ಇರಲಿ. ಮೂಡಿಗೆರೆ, ಸಕಲೇಶಪುರದ ಮಳೆಯಲ್ಲಿ ತೆರೆದಿಟ್ಟ ಇದ್ದಿಲು ತೇವ ಎಳೆದುಕೊಂಡು ಹೊತ್ತಿಕೊಳ್ಳುವುದೇ ಇಲ್ಲ.

ಹೊಗೆಯ ಪರಿಮಳಕ್ಕೆ ದುಡ್ಡು ಕೊಟ್ಟು ಕಟ್ಟಿಗೆ ತರಿಸುವುದು ನಮಗೆ ಬೇಕಿಲ್ಲ. ಕಾಫಿ ಗಿಡ ಪ್ರೂನಿಂಗ್ ಮಾಡಿದಾಗ ಉಳಿಯುವ ದಪ್ಪ ಕೊಂಬೆ, ಸೀಬೆ, ಮಾವು, ಇವುಗಳ ಚೆನ್ನಾಗಿ ಒಣಗಿದ ಎರಡು ಮೂರು ತುಂಡು ಸಾಕು. ಹಸಿ ಕಟ್ಟಿಗೆ, ನೀಲಗಿರಿ, ಬಣ್ಣ ಬಳಿದ ಹಲಗೆ, ಪ್ಲೈವುಡ್ ಹತ್ತಿರವೂ ತರಬೇಡಿ.

ಹೊತ್ತಿಸಲು ಸೀಮೆಎಣ್ಣೆ, ಪೆಟ್ರೋಲ್ ಯಾವುದೂ ಬೇಡ. ಅಪಾಯ ಒಂದು ಕಡೆ, ಆ ವಾಸನೆಯನ್ನು ಸೆರಾಮಿಕ್ ಹೀರಿಕೊಂಡು ಮುಂದಿನ ಎಷ್ಟೋ ಅಡುಗೆಗೆ ಅಂಟಿಸುತ್ತದೆ. ಮೇಣದ ಫೈರ್ ಸ್ಟಾರ್ಟರ್ ಸಾಕು. ಮೊಟ್ಟೆಯ ಕಾಗದದ ಟ್ರೇ ಕತ್ತರಿಸಿ, ತೆಂಗಿನ ನಾರು ತುಂಬಿ, ಕರಗಿದ ಮೇಣ ಹಾಕಿ ಮನೆಯಲ್ಲೇ ಮಾಡಬಹುದು.

[ಶಾಟ್: ಕೈಗವಸು ಹಾಕಿಕೊಂಡು ಮುಚ್ಚಳ ಎತ್ತುವುದು, ನಿಧಾನವಾಗಿ]

ಕೈಗವಸಿಗೆ ಹಾರ್ಡ್‌ವೇರ್ ಅಂಗಡಿಯ ಉದ್ದ ಚರ್ಮದ ವೆಲ್ಡಿಂಗ್ ಗ್ಲೌಸ್ ಸಾಕು. ಒದ್ದೆ ಆದಾಗ ಹಾಕಬೇಡಿ, ಒಳಗೆ ಹಬೆಯಾಗಿ ಕೈ ಬೇಯುತ್ತದೆ. ಇದನ್ನು ಗಮನವಿಟ್ಟು ನೋಡಿ. ಗ್ರಿಲ್ ಜೋರಾಗಿ ಕಾದಿರುವಾಗ ಮುಚ್ಚಳವನ್ನು ಒಮ್ಮೆಲೇ ತೆಗೆಯಬಾರದು. ಒಳಗೆ ಗಾಳಿ ಸಾಲದೆ ಉಸಿರು ಕಟ್ಟಿದ ಬೆಂಕಿ, ಗಾಳಿ ಸಿಕ್ಕಿದ ಕೂಡಲೇ ಮುಖಕ್ಕೆ ನುಗ್ಗುತ್ತದೆ. ಎರಡು ಬೆರಳಷ್ಟು ಎತ್ತಿ, ಕೆಲವು ಸೆಕೆಂಡ್ ಹಿಡಿದು, ಆಮೇಲೆ ಪೂರ್ತಿ ತೆಗೆಯಿರಿ. ಮಕ್ಕಳು ಹತ್ತಿರ ಇರಬಾರದು.

ಬೂದಿ ಎಳೆಯುವ ಕೋಲು, ಕಬ್ಬಿಣದ ಬಕೆಟ್ ಇರಲಿ. ಪ್ರತಿ ಸಲ ಹೊತ್ತಿಸುವ ಮುಂಚೆ ಬೂದಿ ತೆಗೆಯಿರಿ. ಆರಿದಂತೆ ಕಾಣುವ ಬೂದಿಯಲ್ಲಿ ಮಾರನೇ ದಿನವೂ ಕೆಂಡ ಇರಬಹುದು, ಬೇಸಿಗೆಯಲ್ಲಿ ಅದನ್ನು ತೋಟದ ತರಗೆಲೆ ಮೇಲೆ ಸುರಿದರೆ ಗತಿ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಬೆಂಕಿ ಆರಿಸಲು ನೀರು ಹಾಕಬೇಡಿ, ಸೆರಾಮಿಕ್ ಸೀಳುತ್ತದೆ. ಎರಡೂ ಕಿಂಡಿ ಮುಚ್ಚಿದರೆ ತಾನೇ ಆರುತ್ತದೆ, ಉಳಿದ ಇದ್ದಿಲು ನಾಳೆಗಾಗುತ್ತದೆ.

ಜಾಲರಿ ಉಜ್ಜಲು ತಂತಿ ಬ್ರಷ್ ಬೇಡ, ತಂತಿ ಮುರಿದು ಊಟಕ್ಕೆ ಸೇರಿದರೆ ಗಂಟಲಿಗೆ ಅಪಾಯ. ತಣ್ಣಗಾದ ಮೇಲೆ ತೆಂಗಿನ ನಾರಿನಲ್ಲಿ ಉಜ್ಜಿ. ಎರಕದ ಕಬ್ಬಿಣದ ಜಾಲರಿ ತಗೊಂಡರೆ ರೊಟ್ಟಿ ಕಾವಲಿಯ ಹಾಗೇ ಎಣ್ಣೆ ಹಚ್ಚಿ ಪಳಗಿಸಿ.

ಮಳೆಗಾಲಕ್ಕೆ ಕವರ್ ಬೇಕು, ಆದರೆ ಕವರ್ ಹಾಕಿ ಮರೆತರೆ ಒಳಗೆ ಬೂಷ್ಟು ಬರುತ್ತದೆ. ಬಂದರೆ ಖಾಲಿ ಗ್ರಿಲ್ಲನ್ನು ನಿಧಾನವಾಗಿ ಕಾಯಿಸಿ, ಚೆನ್ನಾಗಿ ಉರಿಸಿ, ತಣ್ಣಗಾದ ಮೇಲೆ ಕೆರೆದು ಬಳಸಿ. ಸೋಪು ಹಾಕಬೇಡಿ. ಮಳೆ ಬಂತೆಂದು ಶೆಡ್ಡಿನೊಳಗೆ, ಅಡುಗೆಮನೆಗೆ ಎಳೆದು ಬಾಗಿಲು ಹಾಕಿ ಹಚ್ಚುವುದು ಮಾತ್ರ ಯಾವತ್ತೂ ಬೇಡ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಜೀವ ಹೋಗುತ್ತದೆ. ಸುತ್ತ ತೆರೆದಿರುವ ಜಾಗ, ಮೇಲೆ ಸಾಕಷ್ಟು ಎತ್ತರದ ಶೀಟು ಇದ್ದರೆ ಸರಿ. ದೊಡ್ಡ ಸೈಜಿನ ಗ್ರಿಲ್ 70 ಕೆಜಿ ದಾಟುತ್ತದೆ, ಹಾಗಾಗಿ ಲಾಕ್ ಇರುವ ಚಕ್ರದ ಸ್ಟ್ಯಾಂಡ್ ತಗೊಳ್ಳಿ.

ಪಿಜ್ಜಾ ಕಲ್ಲು, ಕೋಳಿ ತಿರುಗಿಸುವ ಮೋಟಾರು, ಗಾಳಿ ಊದುವ ಎಲೆಕ್ಟ್ರಿಕ್ ಕಂಟ್ರೋಲರ್, ಇವೆಲ್ಲ ಒಳ್ಳೆಯವೇ, ಈಗ ಬೇಡ. ಕಿಂಡಿ ಎಷ್ಟು ತೆರೆದರೆ ಎಷ್ಟು ಬಿಸಿ ಅನ್ನುವುದು ಕೈಗೆ ಕೂರುವ ಮುಂಚೆ ಕಂಟ್ರೋಲರ್ ಹಾಕಿದರೆ ಕರೆಂಟ್ ಹೋದ ದಿನ ಅರ್ಧ ಬೆಂದ ಮಾಂಸದ ಮುಂದೆ ನಿಲ್ಲಬೇಕಾಗುತ್ತದೆ, ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತಲ್ವಾ. ಮೊದಲ ಕೆಲವು ಸಲ ಸಣ್ಣ ಬೆಂಕಿಯಲ್ಲೇ ಅಡುಗೆ ಮಾಡಿ, ಮುಚ್ಚಳದ ಅಂಚಿನ ಗ್ಯಾಸ್ಕೆಟ್, ಅಂದರೆ ಗಾಳಿ ಸೋರದಂತೆ ಅಂಟಿಸಿರುವ ಪಟ್ಟಿ, ಅದರ ಅಂಟು ಸರಿಯಾಗಿ ಕೂರಲಿ. ಮುಂದಿನ ವಿಡಿಯೋದಲ್ಲಿ ಇದೇ ಗ್ರಿಲ್ಲಿನಲ್ಲಿ ಕಾಳುಮೆಣಸು ಹಚ್ಚಿದ ಇಡೀ ಕೋಳಿ ಮಾಡೋಣ.