ಶೀರ್ಷಿಕೆಯ ಹೂವಿಗೆ ತೆರೆಯ ಮೇಲೂ ಕೆಲಸವಿರಲಿ

ಕೇಳುಗರೆಲ್ಲರಿಗೂ ಮುಂಬಯಿಯಿಂದ ನಮಸ್ಕಾರ. ಹೂವಿನ ಹೆಸರು ಹೊತ್ತ ಚಲನಚಿತ್ರಗಳ ಬಗ್ಗೆ ಇಂದು ನನ್ನದೊಂದು ತಕರಾರಿದೆ. ಹೂವಿನ ಹೆಸರಿಟ್ಟ ಮೇಲೆ ಆ ಹೂವು ಚಿತ್ರದೊಳಗೆ ಏನಾದರೂ ಮಾಡಬೇಕು. ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬೇಕು, ಬಾಡಬೇಕು, ಮಾರಾಟವಾಗಬೇಕು, ಇಲ್ಲವೇ ಅದು ಇಲ್ಲವೆಂಬುದಾದರೂ ಯಾರಿಗಾದರೂ ತಟ್ಟಬೇಕು. ಇದಾವುದೂ ಇಲ್ಲದೆ ಪೋಸ್ಟರಿನಲ್ಲಷ್ಟೇ ಅರಳಿ ನಿಂತ ಹೂವು ನನ್ನ ಮಟ್ಟಿಗೆ ಬರೀ ಅಲಂಕಾರ.

ಈ ಊರಿನ ಹಿಂದಿ ಚಿತ್ರರಂಗವು ಹೂವನ್ನು ಬಹುಮಟ್ಟಿಗೆ ಹೆಣ್ಣಿನ ಹೆಸರಾಗಿ ಬಳಸಿಕೊಂಡು ಕೈತೊಳೆದುಕೊಂಡಿದೆ. 2004ರ ‘ಚಮೇಲಿ’ ಮುಂಬಯಿಯ ಒಂದು ಮಳೆಯ ರಾತ್ರಿಯನ್ನು ಹಿಡಿದಿಟ್ಟ ಚಿತ್ರವೇನೋ ಹೌದು. ಆದರೆ ನಾಯಕಿಗೆ ಬೇರೆ ಹೆಸರಿಟ್ಟಿದ್ದರೂ ಆ ಮಳೆ ಅಷ್ಟೇ ಸುರಿಯುತ್ತಿತ್ತು. ಮಣಿರತ್ನಂ ಅವರ 1992ರ ‘ರೋಜಾ’ದಲ್ಲಿಯೂ ಹೂವೆಂದರೆ ನಾಯಕಿಯ ಹೆಸರೇ. ಇನ್ನು 1991ರ ‘ಫೂಲ್ ಔರ್ ಕಾಂಟೆ’ಯಿಂದ ಜನರ ಮನಸ್ಸಿನಲ್ಲಿ ಉಳಿದಿರುವುದು ಎರಡು ಮೋಟಾರ್ ಸೈಕಲ್‌ಗಳ ಮೇಲೆ ಒಂದೊಂದು ಕಾಲಿಟ್ಟು ಬಂದ ಅಜಯ್ ದೇವಗನ್, ಹೂವಂತೂ ಅಲ್ಲ.

ನನ್ನ ಮಾತಿಗೆ ಸರಿಯಾದ ಸಾಕ್ಷಿ ಬಾಸು ಚಟರ್ಜಿ ಅವರ 1974ರ ‘ರಜನೀಗಂಧಾ’, ಅಂದರೆ ನಮ್ಮ ಸುಗಂಧರಾಜ. ಮನ್ನೂ ಭಂಡಾರಿ ಅವರ ‘ಯಹೀ ಸಚ್ ಹೈ’ ಎಂಬ ಕಥೆಯನ್ನು ಆಧರಿಸಿದ ಚಿತ್ರವಿದು. ಮೂಲದಲ್ಲಿ ಕಾನಪುರ ಮತ್ತು ಕಲ್ಕತ್ತೆಗಳಲ್ಲಿ ನಡೆಯುವ ಕಥೆಯನ್ನು ಚಟರ್ಜಿಯವರು ದೆಹಲಿಗೂ ಮುಂಬಯಿಗೂ ತಂದರು. ದೆಹಲಿಯ ದೀಪಾಳ ಬಳಿಗೆ ಸಂಜಯ್ ಹೊತ್ತು ಮೀರಿ ಬರುತ್ತಾನೆ, ಹೇಳಿದ್ದನ್ನು ಮರೆಯುತ್ತಾನೆ, ತನ್ನ ಕಚೇರಿಯ ರಾಜಕೀಯವನ್ನು ಹೇಳಿಕೊಂಡು ತಲೆ ತಿನ್ನುತ್ತಾನೆ; ಆದರೆ ಸುಗಂಧರಾಜದ ಕಡ್ಡಿಗಳನ್ನು ಹಿಡಿದು ತರುವುದನ್ನು ಮಾತ್ರ ಬಿಡುವುದಿಲ್ಲ. ಕೆಲಸದ ಸಂದರ್ಶನಕ್ಕೆಂದು ಮುಂಬಯಿಗೆ ಬಂದ ದೀಪಾಳಿಗೆ ಇಲ್ಲಿ ಹಳೆಯ ಗೆಳೆಯ ನವೀನ್ ಸಿಗುತ್ತಾನೆ. ಅವನು ಹೊತ್ತಿಗೆ ಸರಿಯಾಗಿ ಬರುತ್ತಾನೆ, ಅವಳಿಗಾಗಿ ಓಡಾಡುತ್ತಾನೆ, ಟ್ಯಾಕ್ಸಿಯಲ್ಲಿ ಊರು ಸುತ್ತಿಸುತ್ತಾನೆ. ಆಡಬೇಕಾದ ಒಂದು ಮಾತನ್ನು ಮಾತ್ರ ಆಡುವುದಿಲ್ಲ. ಕೊನೆಗೆ ಸಂಜಯ್ ಮತ್ತೆ ಹೂವು ಹಿಡಿದು ಬಾಗಿಲಲ್ಲಿ ನಿಂತಾಗ ಅವಳ ತೊಳಲಾಟ ಮುಗಿಯುತ್ತದೆ. ಸುಗಂಧರಾಜದ ಕಡ್ಡಿಯಲ್ಲಿ ಮೊಗ್ಗುಗಳು ಒಮ್ಮೆಲೇ ಬಿರಿಯದೆ ಬುಡದಿಂದ ಮೇಲಕ್ಕೆ ಒಂದೊಂದಾಗಿ ಅರಳುತ್ತವೆ, ಹೂದಾನಿಯಲ್ಲಿ ಹಲವು ದಿನ ಉಳಿಯುತ್ತವೆ. ಮರೆಗುಳಿಯಾದರೂ ಮರಳಿ ಬರುವ ಗಂಡಸಿನ ಕೈಗೆ ಗುಲಾಬಿಯನ್ನಲ್ಲದೆ ಈ ಹೂವನ್ನೇ ಕೊಟ್ಟದ್ದು ಎಷ್ಟು ಸರಿ ಎಂಬುದು ಅದನ್ನು ಮನೆಯಲ್ಲಿಟ್ಟು ನೋಡಿದವರಿಗೆ ಗೊತ್ತು.

ಗುರುದತ್ತರ ‘ಕಾಗಜ್ ಕೆ ಫೂಲ್’ನಲ್ಲಿ, ಅಂದರೆ ‘ಕಾಗದದ ಹೂಗಳು’ ಚಿತ್ರದಲ್ಲಿ, ನಿಜವಾದ ಹೂವಿಗೆ ಜಾಗವೇ ಇಲ್ಲ, ಇರಬೇಕಾಗಿಯೂ ಇಲ್ಲ. ಅದು ಸ್ಟುಡಿಯೋ ಎಂಬ ಕಾಗದದ ತೋಟದ ಕಥೆ. 1959ರಲ್ಲಿ ಬಂದ ಈ ಚಿತ್ರ ಭಾರತದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ತೆರೆಯ, ಚಿತ್ರ. ನಿರ್ದೇಶಕರು ಬೆಂಗಳೂರಿನಲ್ಲಿ ಹುಟ್ಟಿದವರು, ಛಾಯಾಗ್ರಾಹಕ ವಿ. ಕೆ. ಮೂರ್ತಿ ಮೈಸೂರಿನವರು. ‘ವಕ್ತ್ ನೇ ಕಿಯಾ’ ಹಾಡಿನಲ್ಲಿ ಕತ್ತಲ ಸ್ಟುಡಿಯೋದೊಳಗೆ ಓರೆಯಾಗಿ ಇಳಿಯುವ ಆ ಬೆಳಕಿನ ಕೋಲನ್ನು ಮೂರ್ತಿಯವರು ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ತಿರುಗಿಸಿ ಮಾಡಿದರು. ಸುಳ್ಳು ಹೂವುಗಳ ಲೋಕದ ಮೇಲೆ ಅಸಲಿ ಬಿಸಿಲು ಬಿದ್ದ ಆ ಹಾಡೊಂದೇ ಶೀರ್ಷಿಕೆಯ ಋಣವನ್ನೆಲ್ಲ ತೀರಿಸುತ್ತದೆ. ಚಿತ್ರ ಸೋತಿತು, ಆಮೇಲೆ ಗುರುದತ್ತರು ನಿರ್ದೇಶಕರೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ ಎಂಬುದು ಎಲ್ಲರೂ ಬಲ್ಲ ಸಂಗತಿ.

ಕನ್ನಡಕ್ಕೆ ಬಂದರೆ ನನ್ನ ದೂರು ಸ್ವಲ್ಪ ಸಡಿಲಾಗುತ್ತದೆ, ಪಕ್ಷಪಾತವೆಂದರೂ ಸರಿಯೇ. ಸೂರಿಯವರ 2015ರ ‘ಕೆಂಡಸಂಪಿಗೆ’ ಪೊಲೀಸರಿಂದ ತಪ್ಪಿಸಿಕೊಂಡು ಓಡುವ ಜೋಡಿಯ ಬಿಗಿಯಾದ ಕಥೆ. ‘ಗಿಣಿಮರಿ ಕೇಸ್’ ಎಂಬ ಅದರ ಉಪಶೀರ್ಷಿಕೆಯೇ ಕಥೆಗೆ ಹೆಚ್ಚು ಹತ್ತಿರ. ತಮಾಷೆಯೆಂದರೆ, ಅದರಲ್ಲಿ ಜನರ ಬಾಯಲ್ಲಿ ಉಳಿದದ್ದು ಜಯಂತ ಕಾಯ್ಕಿಣಿ ಅವರು ಬರೆದ ‘ನೆನಪೇ ನಿತ್ಯ ಮಲ್ಲಿಗೆ’ ಹಾಡು. ಕಾಯ್ಕಿಣಿಯವರು ಬಹುಕಾಲ ನಮ್ಮ ಮುಂಬಯಿಯಲ್ಲಿದ್ದವರಾದ್ದರಿಂದ ಸಂಪಿಗೆಯನ್ನು ಮಲ್ಲಿಗೆ ಸೋಲಿಸಿದ್ದಕ್ಕೆ ಇಲ್ಲಿ ಯಾರೂ ಬೇಸರಪಟ್ಟಂತಿಲ್ಲ. ನಾಗಾಭರಣ ಅವರ ‘ಮೈಸೂರು ಮಲ್ಲಿಗೆ’ಯ ಹೆಸರು ಹೂವಿನಿಂದ ಬಂದದ್ದಕ್ಕಿಂತ ಕೆ. ಎಸ್. ನರಸಿಂಹಸ್ವಾಮಿ ಅವರ 1942ರ ಕವನ ಸಂಕಲನದಿಂದ ಬಂದದ್ದು. ಅದನ್ನು ಈ ಲೆಕ್ಕಕ್ಕೆ ಸೇರಿಸುವುದು ನ್ಯಾಯವಲ್ಲ.

ಯಾವುದೇ ಒಂದು ಹೂವನ್ನು ಹೆಸರಿಸದೆಯೂ ಹೂವಿಗೆ ಪೂರ್ಣ ಕೆಲಸ ಕೊಟ್ಟ ಚಿತ್ರವೆಂದರೆ ಎನ್. ಲಕ್ಷ್ಮೀನಾರಾಯಣ್ ಅವರ 1985ರ ‘ಬೆಟ್ಟದ ಹೂವು’. ಬಾಲಕ ಪುನೀತ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಆ ಪಾತ್ರ, ರಾಮು, ಕಾಡಿನ ಸೀತಾಳೆ ಹೂಗಳನ್ನು ಹುಡುಕಿ ತಂದು ವಿದೇಶಿ ಮಹಿಳೆಯೊಬ್ಬರಿಗೆ ಕೊಟ್ಟು, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು ಕಾಸು ಕೂಡಿಸುತ್ತಾನೆ. ಕೊನೆಗೆ ಆ ಹಣ ಮನೆಯವರ ಕಂಬಳಿಗೆ ಹೋಗುತ್ತದೆ. ಹೂವು ಹಣವಾಗುತ್ತದೆ, ಹಣ ಪುಸ್ತಕವಾಗದೆ ಉಳಿಯುತ್ತದೆ. ಆ ಹೂವನ್ನು ತೆಗೆದರೆ ಕಥೆಯೇ ಇಲ್ಲ.

ಈ ಜಾಡಿನಲ್ಲಿಯೇ ಯಾರಾದರೂ ಮಾಡಿದರೆ ನನಗೆ ನೋಡಬೇಕೆನಿಸುವ ಇನ್ನೊಂದು ಚಿತ್ರವಿದೆ. ಉಡುಪಿಯ ಶಂಕರಪುರದಲ್ಲಿ ಬೆಳಿಗ್ಗೆ ಬಿಡಿಸಿದ ಮಲ್ಲಿಗೆ ಮೊಗ್ಗನ್ನು ಹೆಂಗಸರು ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟುತ್ತಾರೆ. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನಕ್ಕೂ ಬೇರೆ. ಮದುವೆಯ ದಿನಗಳಲ್ಲಿ ಏರುತ್ತದೆ, ಮರುವಾರ ಇಳಿಯುತ್ತದೆ. ಆ ಮಲ್ಲಿಗೆ ಮುಂಬಯಿಗೂ ಬರುತ್ತದೆ, ಇಲ್ಲಿನ ನಮ್ಮವರ ಮದುವೆಗಳಲ್ಲಿ ವಧುವಿನ ಜಡೆಗೂ ಏರುತ್ತದೆ. ಕಟ್ಟುವವಳ ಕೂಲಿ, ದರ ಹೇಳುವವರ ಲೆಕ್ಕಾಚಾರ, ಇಲ್ಲಿ ಚೌಕಾಸಿ ಮಾಡುವ ನಾವು, ಎಲ್ಲರೂ ಅದರೊಳಗಿರಬೇಕು. ಬರೆಯಬಲ್ಲವರು ಬರೆಯಲಿ, ‘ಅಟ್ಟೆ’ ಎಂದೇ ಹೆಸರಿಟ್ಟರೂ ನಾನು ಮೊದಲ ದಿನದ ಟಿಕೆಟ್ ಕೊಳ್ಳುತ್ತೇನೆ.